ಓದಲು ಬಾರದ ಕಾಗದಕ್ಕೆ ಸಹಿ ಬ್ಯಾಡ: ಕಾಲೇಜಿಗೆ ಹೋದ ಮಗನ ಬಂಧನವಾದಾಗ ಪಾಲಕರಿಗೆ ಗೊತ್ತಿರಬೇಕಾದದ್ದು

(ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರಲ್ಲಿ ಪಾಲಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ನಾವು ವಕೀಲರಲ್ಲ, ಪೊಲೀಸರೂ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕೂತವರು. ಆದರೂ ಈ ವಿಷಯ ಮಾತಾಡಬೇಕು ಅನ್ನಿಸಿದ್ದು ಆ ಕೌಂಟರಿನಿಂದಲೇ. ಮಗ ಠಾಣೆಯಲ್ಲಿದ್ದಾನೆ ಅಂತ ಫೋನು ಬಂದರೆ ನಮ್ಮ ಕಡೆ ತಂದೆಯಾದವ ಮೊದಲು ಓಡೋದು ವಕೀಲರ ಮನೆಗಲ್ಲ, ಬ್ಯಾಂಕಿಗೆ. ಠೇವಣಿ ಮುರಿಸಬೇಕು, ಬಂಗಾರ ಅಡ ಇಡಬೇಕು, ಯಾರಿಗೋ ಕೊಡಬೇಕು. ಯಾರಿಗೆ, ಯಾಕೆ ಅಂತ ಕೇಳಿದರೆ ಗೊತ್ತಿರೋದಿಲ್ಲ. "ಕೊಟ್ಟರ ಬಿಡ್ತಾರಂತ್ರಿ" ಅಷ್ಟೇ.

ನಮ್ಮ ಮಕ್ಕಳು ಹತ್ತನೇತ್ತದವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದ್ತಾರೆ. ಮುಂದೆ ಸೋಲಾಪುರ, ಪುಣೆ, ಸಾಂಗಲಿ ಅಂತ ಹೋಗ್ತಾರೆ. ಅಲ್ಲಿ ಠಾಣೆಯ ಕಾಗದವೆಲ್ಲ ಮರಾಠಿ. ಮೊದಲೇ ಅಂಜಿಕೆ, ಅದರ ಮೇಲೆ ಓದಲು ಬಾರದ ಕಾಗದ. ಎರಡೂ ಕೂಡಿದಾಗ ಮನುಷ್ಯ ತೋರಿಸಿದಲ್ಲಿ ಸಹಿ ಹಾಕ್ತಾನೆ. ಅದಕ್ಕ ಇವತ್ತು ಮೊದಲ 24 ತಾಸಿನ ಬಗ್ಗೆಯೇ ಹೆಚ್ಚು ಮಾತಾಡ್ತೀವಿ.

ಮೊದಲು: ಫೋನು ಖರೇನೋ ಸುಳ್ಳೋ?

ಈಗ ಬರುವ ಇಂಥ ಫೋನುಗಳಲ್ಲಿ ಎಷ್ಟೋ ಸುಳ್ಳು. ವಾಟ್ಸಾಪಿನಲ್ಲಿ ಪೊಲೀಸ್ ಟೋಪಿಯ ಫೋಟೋ, ಹಿಂದಿಯಲ್ಲಿ ಗದರಿಕೆ, ಹಿಂದೆ ಹುಡುಗನೊಬ್ಬ ಅಳುವ ಸಪ್ಪಳ. "ನಿಮ್ಮ ಮಗ ಕೇಸಿನಲ್ಲಿ ಸಿಕ್ಕಾನ, ಹತ್ತು ನಿಮಿಷದಾಗ ರೊಕ್ಕ ಹಾಕ್ರಿ." ಫೋನು ಇಡ್ರಿ. ಮಗನ ನಂಬರಿಗೆ ಮಾಡ್ರಿ. ಎತ್ತದಿದ್ದರೆ ಅವನ ರೂಮಿನ ಗೆಳೆಯರು, ಹಾಸ್ಟೆಲ್, ಕಾಲೇಜು ಆಫೀಸು. ಆಮೇಲೆ ಆ ಠಾಣೆಗೆ ನೀವೇ ಫೋನು ಹಚ್ಚಿ ಕೇಳ್ರಿ. "ಡಿಜಿಟಲ್ ಅರೆಸ್ಟ್" ಅನ್ನೋದು ಯಾವ ಕಾನೂನಿನಲ್ಲೂ ಇಲ್ಲ. ಫೋನಿನಲ್ಲೇ ಖಾಸಗಿ ಖಾತೆಗೆ ರೊಕ್ಕ ಕೇಳಿದರೆ ಅವ ಕಳ್ಳನೇ. ಹಾಕಿಬಿಟ್ಟಿದ್ದರೆ ಆ ಕ್ಷಣವೇ 1930ಕ್ಕೆ ಫೋನು ಮಾಡಿ ಬ್ಯಾಂಕಿಗೂ ತಿಳಿಸ್ರಿ. ತಡವಾದಷ್ಟು ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರಿ ಹೋಗ್ತದೆ.

ಖರೇ ಆಗಿದ್ದರೆ ಕೇಳಬೇಕಾದ ನಾಲ್ಕು ಮಾತು

ಯಾವ ಠಾಣೆ? ಕೇಸ್ ನಂಬರು, ಕಲಂ ಏನು? ವಿಚಾರಣೆಗೆ ಕರೆದಿದ್ದಾರೋ, ಬಂಧಿಸಿದ್ದಾರೋ? ಬಂಧಿಸಿದ್ದರೆ ಎಷ್ಟು ಗಂಟೆಗೆ? ಉತ್ತರ ಚೀಟಿಯಲ್ಲಿ ಬರೆದಿಡ್ರಿ.

ಗಂಟೆ ಯಾಕಂದ್ರ, ಸಂವಿಧಾನದ 22ನೇ ವಿಧಿ ಪ್ರಕಾರ ಬಂಧಿಸಿದ 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಪ್ರಯಾಣದ ವೇಳೆ ಮಾತ್ರ ಇದರಲ್ಲಿ ಲೆಕ್ಕಕ್ಕಿಲ್ಲ.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಹಂಗೇ ಹಿಡಿದು ಒಳಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು. ಬೇಡವಾದರೆ ಹಾಜರಾಗಲು ನೋಟಿಸು ಕೊಡಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35ರಲ್ಲಿ ಈ ನೋಟಿಸಿನ ಮಾತಿದೆ. ನೋಟಿಸು ಬಂದರೆ ಮಗನನ್ನು ಬೀಗರ ಊರಿಗೆ ಕಳಿಸಿ ಬಚ್ಚಿಡಬ್ಯಾಡ್ರಿ. ವಕೀಲರನ್ನು ಕೇಳಿಕೊಂಡು ಹಾಜರು ಮಾಡಿಸ್ರಿ. ತಪ್ಪಿಸಿಕೊಂಡರೆ ಬಂಧಿಸಲು ಕಾರಣ ನಾವೇ ಕೊಟ್ಟಂಗ.

ಠಾಣೆಯ ಮರಾಠಿ

ಬಸ್‌ಸ್ಟ್ಯಾಂಡಿನ ಮರಾಠಿ ನಮಗೆಲ್ಲ ಬರ್ತದೆ. ಠಾಣೆಯ ಮರಾಠಿ ಬೇರೆ. "ಚೌಕಶಿ" ಅಂದ್ರ ವಿಚಾರಣೆ, "ಅಟಕ" ಅಂದ್ರ ಬಂಧನ. "ಗುನ್ಹಾ ದಾಖಲ್" ಅಂದ್ರ ಕೇಸು ದಾಖಲಾಗಿದೆ ಅಂತ ಮಾತ್ರ, ತಪ್ಪು ಸಾಬೀತಾಗಿದೆ ಅಂತಲ್ಲ. "ಜಬಾಬ್" ಅಂದ್ರ ನಮ್ಮ ಜವಾಬು ಅಲ್ಲ, ಹೇಳಿಕೆ. "ಕಬೂಲಿ ಜಬಾಬ್" ಅಂದ್ರ ತಪ್ಪೊಪ್ಪಿಗೆ. "ಪೊಲೀಸ್ ಕೋಠಡಿ" ಅಂದ್ರ ಪೊಲೀಸರ ವಶ, "ನ್ಯಾಯಾಲಯೀನ ಕೋಠಡಿ" ಅಂದ್ರ ಜೈಲು. ಕೋರ್ಟಿನ ಅಂಗಳದಲ್ಲಿ ಇವನ್ನೇ ಪಿಸಿಆರ್, ಎಂಸಿಆರ್ ಅಂತಾರೆ. "ಜಾತ ಮುಚಲಕಾ" ಅಂದ್ರ ಸ್ವಂತ ಮುಚ್ಚಳಿಕೆ. "ಅಟಕಪೂರ್ವ ಜಾಮೀನ್" ಅಂದ್ರ ನಿರೀಕ್ಷಣಾ ಜಾಮೀನು. ತಮ್ಮಂದಿರೇ, ಈ ಶಬ್ದ ಇವತ್ತೇ ಮನೆಯಲ್ಲಿ ಅಪ್ಪಗ ಅವ್ವಗ ಹೇಳಿಕೊಡ್ರಿ.

ಕಾಗದ ಮತ್ತು ಸಹಿ

ಬಂಧಿಸಿದಾಗ ಒಂದು ಬಂಧನ ಪತ್ರ ಆಗಬೇಕು. ಮನೆಯವರೊಬ್ಬರು ಅಥವಾ ಆ ಜಾಗದ ಗೌರವಸ್ಥರೊಬ್ಬರು ಅದಕ್ಕೆ ಸಾಕ್ಷಿ, ಬಂಧಿತನದೂ ಸಹಿ. ಬಂಧನದ ಸುದ್ದಿಯನ್ನು ಅವನು ಹೇಳಿದ ಸಂಬಂಧಿಗೋ ಗೆಳೆಯನಿಗೋ ತಿಳಿಸಬೇಕು. ಇವು ಡಿ.ಕೆ. ಬಸು ತೀರ್ಪಿನಿಂದ ಬಂದ ನಿಯಮ, ಈಗ ಕಾನೂನಿನಲ್ಲೇ ಇವೆ.

ಇನ್ನು ಭಾಷೆಯ ಮಾತು. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಅನ್ನೋದು ಹೊಸದಲ್ಲ. 1962ರಲ್ಲೇ ಹರಿಕಿಸನ್ ಅನ್ನುವವರ ಮುಂಜಾಗ್ರತಾ ಬಂಧನದ ಪ್ರಕರಣದಲ್ಲಿ, ಇಂಗ್ಲಿಷ್ ಬಾರದವರಿಗೆ ಇಂಗ್ಲಿಷಿನಲ್ಲಿ ಕಾರಣ ಕೊಟ್ಟರೆ ಸಾಲದು ಅಂತ ಸುಪ್ರೀಂ ಕೋರ್ಟು ಹೇಳಿತ್ತು. 2025ರ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಇನ್ನೂ ಸ್ಪಷ್ಟವಾಯಿತು. ಅದೂ ನಮ್ಮ ಮಹಾರಾಷ್ಟ್ರದ್ದೇ ಕೇಸು. ಯಾವುದೇ ಅಪರಾಧವಿರಲಿ, ಕಾರಣ ಬರಹದಲ್ಲಿ, ತಿಳಿಯುವ ಭಾಷೆಯಲ್ಲಿ ಕೊಡಬೇಕು. ತಕ್ಷಣ ಬರೆದು ಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಕೋರ್ಟಿಗೆ ಒಯ್ಯುವ ಕನಿಷ್ಠ ಎರಡು ತಾಸು ಮೊದಲು ಬರಹ ಕೈಗೆ ಕೊಡಬೇಕು.

ಒಂದು ಮಾತು ಸರಿಯಾಗಿ ತಿಳಕೊಳ್ರಿ. ಕಾನೂನು ಹೇಳೋದು ಬಂಧಿತನಿಗೆ ತಿಳಿಯುವ ಭಾಷೆ, ಮಾತೃಭಾಷೆ ಅಂತಲ್ಲ. ಮಗ ಮರಾಠಿ ಚೆನ್ನಾಗಿ ಓದಿ ಬರೆಯುವವನಾದರೆ ಮರಾಠಿಯಲ್ಲಿ ಕೊಟ್ಟದ್ದು ನಡೀತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಮರಾಠಿ ಆಡೋದು ಬರ್ತದೆ, ಓದಲು ಬರೋದಿಲ್ಲ ಅನ್ನುವ ಹುಡುಗ ಆ ಮಾತನ್ನು ಮೊದಲೇ ಹೇಳಬೇಕು. ಜಗಳ ಬ್ಯಾಡ, ಘೋಷಣೆ ಬ್ಯಾಡ. ಕೈ ಮುಗಿದು ಒಂದೇ ಮಾತು: "ಸಾಹೇಬ, ಅಟಕೇಚೀ ಕಾರಣೆ ಕನ್ನಡಮಧ್ಯೆ ಲೇಖೀ ದ್ಯಾ." ಕೊಡದಿದ್ದರೆ ಅದನ್ನೇ ವಕೀಲರಿಗೆ ಹೇಳ್ರಿ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಸ್ರಿ. ದೂರು ಅರ್ಜಿ ನೀವು ಕನ್ನಡದಲ್ಲೇ ಬರೆದು ಕೊಡಬಹುದು. ದೇಶದಲ್ಲಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ.

ಸಹಿಯ ವಿಷಯಕ್ಕೆ ಬರೋಣ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವರ ಸಹಿ ತಗೊಳ್ಳುವಂತಿಲ್ಲ, ಸಂಹಿತೆಯ ಕಲಂ 181 ಹಂಗ ಹೇಳ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ. ಆದರೆ ಅವನು ಹೇಳಿದ ಮಾತಿನಿಂದ ಏನಾದರೂ ವಸ್ತು ಸಿಕ್ಕರೆ, ಅಷ್ಟು ಭಾಗ ಸಾಕ್ಷ್ಯಕ್ಕೆ ಬರ್ತದೆ. ಖಾಲಿ ಕಾಗದಕ್ಕಂತೂ ಯಾರೂ ಸಹಿ ಹಾಕಬಾರದು. ಬಂಧನ ಪತ್ರ, ಪಂಚನಾಮೆ, ಜಾಮೀನು ಪತ್ರ ಇವಕ್ಕೆ ಸಹಿ ಬೇಕಾಗ್ತದೆ. ಆಗ ಓದಿಸಿ ಕೇಳ್ರಿ. ನಿಮ್ಮ ಸಹಿ ಕನ್ನಡದಲ್ಲೇ ಇರಲಿ, ಕೆಳಗೆ ತಾರೀಖು, ಗಂಟೆ ಬರೀರಿ. ಓದಿ ಹೇಳದಿದ್ದರೆ "ನನಗೆ ಓದಿ ಹೇಳಿಲ್ಲ" ಅಂತ ಕನ್ನಡದಲ್ಲಿ ಬರೆದು ಆಮೇಲೆ ಸಹಿ. ಬ್ಯಾಂಕಿನಲ್ಲಿ ನಾವು ದಿನಾ ನೋಡ್ತೀವಿ, ಹೆಬ್ಬೆಟ್ಟಾಗಲಿ ಸಹಿಯಾಗಲಿ, ಬಿದ್ದ ಮೇಲೆ "ನನಗ ಗೊತ್ತಿರಲಿಲ್ಲ" ಅನ್ನೋದಕ್ಕೆ ಬೆಲೆ ಬಹಳ ಕಡಿಮೆ.

ವಕೀಲರು, ಕೋರ್ಟು, ಜಾಮೀನು

ವಕೀಲರಿಗೆ ರೊಕ್ಕ ಇಲ್ಲ ಅನ್ನುವವರು 15100 ನಂಬರು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡ್ರಿ. ಅದು ಕಾನೂನು ಸೇವಾ ಪ್ರಾಧಿಕಾರದ್ದು. 1987ರ ಕಾಯ್ದೆ ಪ್ರಕಾರ ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಹೊರಗಿದ್ದಾಗಲೂ ಈ ಸೌಲಭ್ಯ ಇದೆ. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕು ಮಗನಿಗಿದೆ, ಆದರೆ ವಿಚಾರಣೆಯ ಉದ್ದಕ್ಕೂ ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ.

ಬಂಧನದ ನಂತರ ವೈದ್ಯರ ತಪಾಸಣೆ ಕಡ್ಡಾಯ. ಪೆಟ್ಟಾಗಿದ್ದರೆ, ದಿನದ ಗುಳಿಗೆ ಇದ್ದರೆ ವೈದ್ಯರಿಗೆ ಹೇಳಬೇಕು. ಕೋರ್ಟಿಗೆ ತರುವಾಗ ಮನೆಯವರು ಅಲ್ಲಿರ್ರಿ. ಮ್ಯಾಜಿಸ್ಟ್ರೇಟರು "ಏನಾದರೂ ತಕರಾರು ಇದೆಯಾ" ಅಂತ ಕೇಳಿದಾಗ ತಲೆ ತಗ್ಗಿಸಿ ನಿಂತರೆ ದಾಖಲೆಯಲ್ಲಿ "ತಕರಾರು ಇಲ್ಲ" ಅಂತ ಬೀಳ್ತದೆ. ಮರಾಠಿ ತಿಳಿಯದಿದ್ದರೆ ಅದನ್ನೂ ಅಲ್ಲೇ ಹೇಳಬೇಕು. ಮುಂದೆ ವಿಚಾರಣೆಯಲ್ಲಿ, ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತಿಳಿಯುವ ಭಾಷೆಯಲ್ಲಿ ಹೇಳಿಸಬೇಕು ಅಂತಲೂ ಕಾನೂನಿದೆ.

ಜಾಮೀನು ಎರಡು ನಮೂನೆ. ಜಾಮೀನು ಸಿಗುವ ಅಪರಾಧವಾದರೆ ಅದು ಹಕ್ಕು, ಠಾಣೆಯಲ್ಲೇ ಆಗ್ತದೆ. ಉಳಿದದ್ದಕ್ಕೆ ಕೋರ್ಟು. ಜಾಮೀನುದಾರನಿಗೆ ಸಾತ್‌ಬಾರಾ ಉತಾರ, ಆಧಾರ್, ಕೆಲವು ಸಲ ತಹಶೀಲ್ದಾರರ ಐಪತ್ ದಾಖಲೆ ಕೇಳ್ತಾರೆ. ಉತಾರ ಹೊಸದಾಗಿ ತೆಗೆಸಿಡ್ರಿ. ಜಾಮೀನಾಗುವ ಕಾಕಾ, ಮಾಮಾಗೂ ಹೇಳ್ರಿ: ಹುಡುಗ ತಾರೀಖಿಗೆ ಬರದಿದ್ದರೆ ಬರೆದುಕೊಟ್ಟ ಮೊತ್ತ ಅವರ ಕುತ್ತಿಗೆಗೆ. ಜಾಮೀನು ಸಿಗುವ ಅಪರಾಧದಲ್ಲಿ, ಒಂದು ವಾರದಲ್ಲೂ ಜಾಮೀನುದಾರ ಸಿಗದ ಬಡವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು.

ನಡುವೆ ಒಬ್ಬ ಬರ್ತಾನೆ. "ಸಾಹೇಬರು ನಮ್ಮವರೇ, ಇಷ್ಟು ಕೊಡ್ರಿ, ಸೆಟಲ್ ಮಾಡ್ತೀನಿ." ಜಾಮೀನಿನ ಹಣ ಕಟ್ಟಿದರೆ ರಸೀದಿ ಇರ್ತದೆ. ರಸೀದಿ ಇಲ್ಲದ ರೊಕ್ಕ ಕೊಡಬ್ಯಾಡ್ರಿ.

ವಯಸ್ಸು ಮತ್ತು ಹೆಣ್ಣುಮಕ್ಕಳು

ಹನ್ನೊಂದು, ಹನ್ನೆರಡನೇತ್ತದ ಹುಡುಗರಲ್ಲಿ ಬಹಳ ಮಂದಿಗೆ 18 ತುಂಬಿರೋದಿಲ್ಲ. ಅಂಥವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ಒಯ್ಯಬೇಕು. ಮೈಕಟ್ಟು ನೋಡಿ ದೊಡ್ಡವ ಅಂದರೆ ಹತ್ತನೇತ್ತದ ಪ್ರಮಾಣಪತ್ರ ತೋರಿಸ್ರಿ. ಓಡುವಾಗ ಮೊದಲು ಹಿಡಕೊಳ್ಳಬೇಕಾದ ಕಾಗದ ಅದೇ. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅಪರೂಪಕ್ಕೆ ಬಂಧಿಸಬೇಕಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು.

ತಮ್ಮಂದಿರಿಗೆ, ತಂಗಿಯರಿಗೆ

ಬ್ಯಾಂಕಿನವರಾಗಿ ಒಂದು ಮಾತು ಹೇಳಲೇಬೇಕು. "ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಕಮಿಷನ್" ಅಂತ ಕಾಲೇಜಿನ ಕಟ್ಟೆಯ ಮೇಲೆ ಕೇಳುವವರಿದ್ದಾರೆ. ಯಾರದೋ ಅಜ್ಜಿಯನ್ನು ಮೋಸ ಮಾಡಿದ ರೊಕ್ಕ ನಿಮ್ಮ ಖಾತೆಗೆ ಬಂದು ಹೋಗ್ತದೆ. ಮೋಸ ಮಾಡಿದವ ಎಲ್ಲೋ, ಕೆವೈಸಿಯಲ್ಲಿರೋದು ನಿಮ್ಮ ಫೋಟೋ, ನಿಮ್ಮ ಊರು. ಪೊಲೀಸರು ಮೊದಲು ಬರೋದು ನಿಮ್ಮ ಬಾಗಿಲಿಗೇ. ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಕಾರ್ಡು ಬಂದ್ ಮಾಡಿಸಿ, ಮನೆಯಲ್ಲಿ ಹೇಳ್ರಿ.

ಕೇಸು ಆದರೆ ಓದು ಮುಗೀತು ಅಂತಲ್ಲ. ಪರೀಕ್ಷೆ ಬಂದರೆ ವಕೀಲರ ಮೂಲಕ ಕೋರ್ಟಿಗೆ ಅನುಮತಿ ಕೇಳಬಹುದು. ಮುಂದೆ ನೌಕರಿಯ ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದರೆ ಮುಚ್ಚಿಡಬ್ಯಾಡ್ರಿ. 2016ರ ಅವತಾರ್ ಸಿಂಗ್ ತೀರ್ಪಿನ ಸಾರ ಇಷ್ಟೇ: ನೀವು ಕೊಡುವ ಮಾಹಿತಿ ಖರೇ ಇರಬೇಕು. ಸಣ್ಣ ಕೇಸಿಗೆ ಸಿಗಬಹುದಾದ ರಿಯಾಯಿತಿ, ಮುಚ್ಚಿಟ್ಟರೆ ಕಷ್ಟವಾಗ್ತದೆ.

ಕೊನೇದಾಗಿ ನಿಮ್ಮಿಂದ ಒಂದು ಕೆಲಸ ಆಗಬೇಕು. ಕನ್ನಡವೂ ಮರಾಠಿಯೂ ಓದಬಲ್ಲವರು ಈ ಗಡಿಯಲ್ಲಿ ನೀವೇ. ಪ್ರತಿ ಊರಿನಲ್ಲಿ ಅಂಥ ಇಬ್ಬರ ನಂಬರು ಎಲ್ಲ ಮನೆಯಲ್ಲೂ ಇರಲಿ. ಫೋನು ಬಂದ ರಾತ್ರಿ ಯಾವ ತಂದೆಯೂ, ಯಾವ ತಾಯಿಯೂ ಒಬ್ಬರೇ ಠಾಣೆಗೆ ಹೋಗಬಾರದು. ಜೊತೆಗೆ ಹೋಗ್ರಿ. ಆ ಹುಡುಗ ತಪ್ಪು ಮಾಡ್ಯಾನೋ ಇಲ್ಲೋ ಅನ್ನೋದನ್ನ ಕೋರ್ಟು ನೋಡಿಕೊಳ್ತದೆ. ನೀವು ಕಾಗದ ಓದಿ ಹೇಳ್ರಿ, ಸಾಕು.