ರಾತ್ರಿ ಪಾಳಿಗೆ ಯಾರಿದ್ದಾರೆ?

   

ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಜಿಲ್ಲೆ ನಮ್ಮ ಉತ್ತರ ಕನ್ನಡ. 2011ರ ಜನಗಣತಿಯಲ್ಲೇ ಹದಿನಾಲ್ಕು ಲಕ್ಷ ದಾಟಿದ್ದೆವು. ಎದೆನೋವು ಬಂದರೆ ಭಟ್ಕಳ, ಹೊನ್ನಾವರದವರು ಮಣಿಪಾಲದ ದಾರಿ ಹಿಡಿಯುತ್ತಾರೆ. ಹಳಿಯಾಳ, ಮುಂಡಗೋಡದವರಿಗೆ ಧಾರವಾಡ, ಹುಬ್ಬಳ್ಳಿ. ಕಾರವಾರದವರು ಗಡಿ ದಾಟಿ ಗೋವಾದ ಬಾಂಬೋಳಿಯ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಯೂ 2018ರಿಂದ ಹೊರರಾಜ್ಯದವರು ದುಡ್ಡು ಕಟ್ಟಬೇಕಾಯಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ಜೀವಗಳು ಹೋದವು. ಆಗ ‘ನೋ ಹಾಸ್ಪಿಟಲ್, ನೋ ವೋಟ್’ ಎಂದು ನಮ್ಮ ಹುಡುಗರು ಮೊಬೈಲಿನಲ್ಲಿ ಎಬ್ಬಿಸಿದ ಕೂಗು ಬೆಂಗಳೂರಿಗೂ ಕೇಳಿಸಿತು. ಆಶ್ವಾಸನೆಗಳು ಬಂದವು.

ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಪತ್ರೆ ಎಂದರೆ ಕಟ್ಟಡ ಎಂದು ಸರ್ಕಾರವೂ ತಿಳಿದಿದೆ, ನಾವೂ ತಿಳಿದಿದ್ದೇವೆ. ನನ್ನ ತಕರಾರು ಇಲ್ಲಿದೆ, ಇಷ್ಟು ವರ್ಷ ನಾನು ಜಗಳ ಆಡಿದ್ದೂ ಇದಕ್ಕೇ.

ನಮ್ಮ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನೇ ನಿಂತು ನೋಡಿದ್ದನ್ನು ಹೇಳುತ್ತೇನೆ. ಮಳೆಗಾಲದ ರಾತ್ರಿ, ಚೊಚ್ಚಲ ಬಸುರಿ. ಮಗುವಿನ ಎದೆಬಡಿತ ಇಳಿಯುತ್ತಿದೆ, ಸಿಸೇರಿಯನ್ ಆಗಲೇಬೇಕು. ಹೆರಿಗೆ ಡಾಕ್ಟರು ಮನೆಯಿಂದ ಓಡಿ ಬಂದಿದ್ದಾರೆ. ಆಪರೇಷನ್ ಥಿಯೇಟರಿದೆ, ಟೇಬಲ್ಲಿದೆ, ಮೇಲೆ ಹೊಸ ದೀಪವಿದೆ. ಅರಿವಳಿಕೆ ಕೊಡುವವರು ಮಾತ್ರ ಇಲ್ಲ. ನರ್ಸು ಮೇಜಿನ ಮೇಲೆ ಬಗ್ಗಿ ರೆಫರ್ ಚೀಟಿ ಬರೆದರು. ಅತ್ತೆ ಬಿಸಿನೀರಿನ ಫ್ಲಾಸ್ಕು, ಬಟ್ಟೆಯ ಚೀಲ ಹಿಡಿದು 108 ಆಂಬುಲೆನ್ಸಿನ ಹಿಂಬಾಗಿಲಿನಿಂದ ಹತ್ತಿದರು. ಆ ಗಾಡಿ ಆ ಮಳೆಯಲ್ಲಿ ಘಟ್ಟ ಇಳಿಯಬೇಕಿತ್ತು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಮರುವಾರ ವಿಚಾರಿಸಿದರೆ, ಅರಿವಳಿಕೆ ತಜ್ಞರ ಹುದ್ದೆ ಖಾಲಿಯೇ ಇರಲಿಲ್ಲ! ಕಾಗದದಲ್ಲಿ ಭರ್ತಿಯಾಗಿತ್ತು. ಸಂಬಳದ ಬಿಲ್ಲು ಇಲ್ಲಿ ಆಗುತ್ತಿತ್ತು, ವೈದ್ಯರು ನಿಯೋಜನೆಯ ಮೇಲೆ ಬೇರೆ ಜಿಲ್ಲೆಯಲ್ಲಿದ್ದರು. ಹುದ್ದೆ ಖಾಲಿ ಇದ್ದಿದ್ದರೆ ಗುತ್ತಿಗೆಯ ಮೇಲಾದರೂ ಒಬ್ಬರನ್ನು ಕೇಳಬಹುದಿತ್ತು, ಹೀಗಾದರೆ ಅದಕ್ಕೂ ದಾರಿಯಿಲ್ಲ. ಆ ವೈದ್ಯರೊಬ್ಬರನ್ನೇ ನಾನು ದೂರುವುದಿಲ್ಲ. ಇರುವ ಒಬ್ಬರೇ ಹಗಲೂ ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ ಕರೆದಾಗಲೆಲ್ಲ ಬರಬೇಕು ಎಂದರೆ ಯಾರು ಉಳಿಯುತ್ತಾರೆ? ವಸತಿಗೃಹ ಸೋರುತ್ತದೆ, ಮಕ್ಕಳ ಶಾಲೆಯ ಚಿಂತೆ ಬೇರೆ. ರೋಗಿ ಸತ್ತರೆ ಜನ ಬಂದು ಗಾಜು ಒಡೆಯುತ್ತಾರೆ. ಗಾಜು ಒಡೆದವರು ನಮ್ಮವರೇ ಎಂಬುದನ್ನೂ ಈ ಸಭೆ ಕೇಳಿಸಿಕೊಳ್ಳಬೇಕು.

ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಒಳ್ಳೆಯದು. ಆದರೆ ಕಾರವಾರವಿರುವುದು ಜಿಲ್ಲೆಯ ಒಂದು ತುದಿಯಲ್ಲಿ. ಸಿದ್ದಾಪುರದ ಕಾಡಂಚಿನಲ್ಲಿ ಮಂಗನ ಕಾಯಿಲೆಯಿಂದ ಜ್ವರ ಬಿದ್ದವನಿಗೆ, ಜೋಯಿಡಾದಲ್ಲಿ ಕಂಬಳಿಯ ಜೋಲಿಯಲ್ಲಿ ರಸ್ತೆ ಮುಟ್ಟುವ ಕುಣಬಿ ಹೆಂಗಸಿಗೆ, ಮೊದಲು ಸಿಗಬೇಕಾದದ್ದು ತಾಲ್ಲೂಕು ಆಸ್ಪತ್ರೆ. ಅಲ್ಲಿ ರಾತ್ರಿ ಪಾಳಿಗೆ ಯಾರಿದ್ದಾರೆ ಎಂಬುದೇ ನನ್ನ ಪ್ರಶ್ನೆ.

ಇದನ್ನು ಹಿಂದೊಂದು ಸಭೆಯಲ್ಲಿ ಎತ್ತಿದಾಗ ಏನಾಯಿತು ಎಂದು ಇಲ್ಲಿರುವ ಹಲವರಿಗೆ ಗೊತ್ತು. ದೊಡ್ಡಾಸ್ಪತ್ರೆ ಕುಮಟೆಗೋ, ಕಾರವಾರಕ್ಕೋ, ಶಿರಸಿಗೋ ಎಂದು ವಾದ ಶುರುವಾಗಿ ಮೈಕು ಕಿತ್ತುಕೊಂಡರು. ‘ಊರಿನ ದ್ರೋಹಿ’ ಎಂದು ನನ್ನನ್ನು ಕರೆದವರು ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಬಂದದ್ದು ಸಂತೋಷ. ಆದರೆ ಆ ಮಾತನ್ನು ನಾನು ಮರೆತಿಲ್ಲ. ನಾವು ಜಾಗಕ್ಕಾಗಿ ಕಚ್ಚಾಡಿದಷ್ಟು ದಿನವೂ ‘ಮೊದಲು ನೀವು ಒಮ್ಮತಕ್ಕೆ ಬನ್ನಿ’ ಎಂದು ಹೇಳಿ ಕಳಿಸುವುದು ಸರ್ಕಾರಕ್ಕೆ ಸಲೀಸಾಯಿತು.

ನಾನು ಕೇಳುವುದು ಇಷ್ಟು. ನಮ್ಮ ಜಿಲ್ಲೆಯಿಂದ ಹೊರಗೆ ಹೋದ ಎಲ್ಲ ವೈದ್ಯರ ನಿಯೋಜನೆಯನ್ನು ಒಂದು ತಿಂಗಳೊಳಗೆ ರದ್ದು ಮಾಡಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಇಬ್ಬರು ಅರಿವಳಿಕೆ ತಜ್ಞರು, ಇಬ್ಬರು ಹೆರಿಗೆ ತಜ್ಞರು ಬೇಕು, ಒಬ್ಬರು ಮಲಗಿದಾಗ ಇನ್ನೊಬ್ಬರು ಎದ್ದಿರುವಂತೆ. ವಸತಿಗೃಹಗಳ ಮಾಡು ಈ ಮಳೆಗಾಲಕ್ಕೆ ಮುಂಚೆ ರಿಪೇರಿಯಾಗಬೇಕು. ಇವತ್ತು ರಾತ್ರಿ ಯಾವ ಡಾಕ್ಟರು ಇದ್ದಾರೆ ಎಂದು ಗೇಟಿನ ಬಳಿ ಹಲಗೆಯಲ್ಲಿ ಬರೆಯಬೇಕು. ರೆಫರ್ ಮಾಡಿದ ಪ್ರತಿ ರೋಗಿಯ ಕಾರಣ ಬರೆದಿಟ್ಟು ತಿಂಗಳಿಗೊಮ್ಮೆ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಓದಬೇಕು.

ಇನ್ನೂ ಒಂದು ಆಸೆಯಿದೆ. ಕಾಳಿ, ಶರಾವತಿಯ ಅಣೆಕಟ್ಟುಗಳಿಗೆ, ಕೈಗಾ ಅಣುಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ ನೆಲ ಬಿಟ್ಟುಕೊಟ್ಟ ಜಿಲ್ಲೆ ಇದು. ತಲೆಗೆ ಪೆಟ್ಟು ಬಿದ್ದ ಮೀನುಗಾರನೊಬ್ಬನಿಗೆ ನೌಕಾಪಡೆಯ ಹೆಲಿಕಾಪ್ಟರು ಯಾಕೆ ಹಾರಬಾರದು? ಇಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಹೆಸರು ಮಾಡಿದ ವೈದ್ಯರು ವರ್ಷಕ್ಕೊಂದು ತಿಂಗಳು ಊರಿಗೆ ಬಂದು ಪಾಳಿ ಮಾಡಲಿ. ಆಗದು ಎನ್ನುವವರಿದ್ದಾರೆ, ನಾನು ಕೇಳುತ್ತಲೇ ಇರುತ್ತೇನೆ.

ಖಾಸಗಿಯವರ ವಿಷಯದಲ್ಲೂ ಒಂದು ಮಾತು. ಜಿಲ್ಲಾಸ್ಪತ್ರೆಗಳನ್ನು ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಜೋಡಿಸುವ ಯೋಜನೆಯನ್ನು ನೀತಿ ಆಯೋಗ 2020ರಲ್ಲೇ ಮುಂದಿಟ್ಟಿದೆ. ಖಾಸಗಿ ಸಹಭಾಗಿತ್ವದ ಕಾಲೇಜು ಬೇಡವೆಂದು ವಿಜಯಪುರದ ಜನ 2025ರಲ್ಲಿ ಧರಣಿ ಕೂತರು. ಅವರ ನಿಲುವೇ ನನ್ನದು. ಸರ್ಕಾರಿ ಹಾಸಿಗೆ ಸರ್ಕಾರದ್ದಾಗಿಯೇ ಇರಬೇಕು.

ಮಧ್ಯಾಹ್ನ ಠರಾವುಗಳು ಬರುತ್ತವೆ. ದೊಡ್ಡಾಸ್ಪತ್ರೆಯ ಜಾಗದ ಠರಾವನ್ನು ಕೊನೆಗೆ ಹಾಕಿಸಿದ್ದೇನೆ, ಇದು ಈ ಸಭೆಯ ಅಧ್ಯಕ್ಷನಾಗಿ ನನ್ನ ತೀರ್ಮಾನ. ಮೊದಲ ಠರಾವು ನಿಯೋಜನೆ ರದ್ದತಿಯದು. ಪ್ರತಿ ತಾಲ್ಲೂಕಿನಿಂದ ಒಬ್ಬರು ಊಟಕ್ಕೆ ಏಳುವ ಮೊದಲು ಇಲ್ಲಿಗೆ ಬಂದು ಅದಕ್ಕೆ ಸಹಿ ಹಾಕಬೇಕು. ಸೋಮವಾರ ಬೆಳಿಗ್ಗೆ ಅದನ್ನು ಜಿಲ್ಲಾಧಿಕಾರಿಗಳ ಕೈಗೆ ಕೊಡುತ್ತೇವೆ.