ಯುದ್ಧದಲ್ಲಿ ಯಾರನ್ನು ಕೊಲ್ಲಬಾರದು?



ಸುವರ್ಣ ಮಹೋತ್ಸವದಲ್ಲಿ ಕಂಪ್ಯೂಟರಿನ ಬಗ್ಗೆ ಮಾತನಾಡು ಎಂದು ಗೆಳೆಯರು ಹೇಳಿದ್ದರು. ನಾನು ಯುದ್ಧದ ಬಗ್ಗೆ ಮಾತನಾಡುತ್ತೇನೆ. ಇವೆರಡೂ ಈಗ ದೂರದ ವಿಷಯಗಳಾಗಿ ಉಳಿದಿಲ್ಲ.

ಸೈನಿಕನನ್ನು ಕೊಲ್ಲುವುದಕ್ಕೂ ಸಾಮಾನ್ಯ ನಾಗರಿಕನನ್ನು ಕೊಲ್ಲುವುದಕ್ಕೂ ವ್ಯತ್ಯಾಸವಿದೆಯೇ? ಇಬ್ಬರೂ ಮನುಷ್ಯರೇ, ಇಬ್ಬರಿಗೂ ತಾಯಿ ಇದ್ದಾಳೆ. ಆದರೂ ವ್ಯತ್ಯಾಸವಿದೆ ಎಂದು ಹಿಂದಿನವರು ತಿಳಿದಿದ್ದರು. ಮಹಾಭಾರತದಲ್ಲಿ ಯುದ್ಧಕ್ಕೆ ಮೊದಲು ಎರಡೂ ಪಕ್ಷದವರು ನಿಯಮ ಮಾಡಿಕೊಳ್ಳುತ್ತಾರೆ: ಆಯುಧ ಕಳೆದುಕೊಂಡವನನ್ನು, ಸಾರಥಿಯನ್ನು, ಭೇರಿ ಬಾರಿಸುವವನನ್ನು, ಶಂಖ ಊದುವವನನ್ನು ಹೊಡೆಯಕೂಡದು. ಆ ನಿಯಮಗಳು ಒಂದೊಂದಾಗಿ ಮುರಿದವು. ಕೊನೆಗೆ ಅಶ್ವತ್ಥಾಮ ಇರುಳಿನಲ್ಲಿ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ. ಅದನ್ನು ನಮ್ಮ ಜನ ಇಂದಿಗೂ ಶೌರ್ಯ ಎನ್ನುವುದಿಲ್ಲ.

1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ ಇದನ್ನೇ ಕಾನೂನಿನ ಮಾತಿನಲ್ಲಿ ಹೇಳಿತು: ಶತ್ರುವಿನ ಸೇನಾಬಲವನ್ನು ಕುಗ್ಗಿಸುವುದೊಂದೇ ಯುದ್ಧದ ನ್ಯಾಯವಾದ ಗುರಿ. 1949ರ ಜಿನೀವಾ ಒಪ್ಪಂದಗಳ ಪ್ರಕಾರ ಶರಣಾದ ಸೈನಿಕನನ್ನೂ ಗಾಯಗೊಂಡು ಬಿದ್ದವನನ್ನೂ ಕೊಲ್ಲುವಂತಿಲ್ಲ. ಇಲ್ಲೇ ಉತ್ತರವಿದೆ. ಸೈನಿಕನ ಪ್ರಾಣ ಅಗ್ಗ ಎಂದು ಯಾರೂ ಹೇಳುತ್ತಿಲ್ಲ. ಅವನು ಹೋರಾಡುತ್ತಿರುವವರೆಗೆ ಮಾತ್ರ ಅವನ ಮೇಲೆ ಗುಂಡು ಹಾರಿಸಬಹುದು. ಅವನು ಕೋವಿ ಕೆಳಗಿಟ್ಟ ಕ್ಷಣ ಆ ಹಕ್ಕು ಮುಗಿಯಿತು. ಹಾಗಿದ್ದಮೇಲೆ ಕೋವಿಯನ್ನೇ ಹಿಡಿಯದವರನ್ನು ಕೊಲ್ಲುವ ಹಕ್ಕು ಎಲ್ಲಿಂದ ಬರಬೇಕು?

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಬಿತ್ತು. ಆ ವರ್ಷ ಮುಗಿಯುವುದರೊಳಗೆ ಸುಮಾರು 1,40,000 ಮಂದಿ ಸತ್ತರು. ಅಲ್ಲಿ ಸೇನಾ ಕಚೇರಿ ಇದ್ದದ್ದು ನಿಜ. ಆದರೆ ಬಾಂಬ್ ದಾಳಿಯ ಬೆಂಕಿ ಹರಡದಿರಲೆಂದು ಮನೆಗಳನ್ನು ಕೆಡವಿ ಜಾಗ ಬಿಡಿಸುವ ಕೆಲಸಕ್ಕೆ ಅಂದು ಬೆಳಿಗ್ಗೆ ಸಾವಿರಾರು ಶಾಲಾ ಮಕ್ಕಳನ್ನು ಕಳಿಸಿದ್ದರು. ಬಹುಪಾಲು 12–13 ವರ್ಷದವರು, ಇಲ್ಲಿ ಮುಂದೆ ಕುಳಿತಿರುವ ಎಂಟನೇ ತರಗತಿಯವರ ವಯಸ್ಸು. ಯುದ್ಧ ಬೇಗ ಮುಗಿದು ಎಷ್ಟೋ ಸೈನಿಕರು ಉಳಿದರು ಎಂಬ ವಾದವಿದೆ. ಆ ಲೆಕ್ಕ ಸರಿಯೆಂದೇ ಇಟ್ಟುಕೊಳ್ಳೋಣ. ಸೈನಿಕರನ್ನು ಉಳಿಸಲು ಆ ಮಕ್ಕಳನ್ನು ಸುಡಬಹುದು ಎಂದು ಒಪ್ಪಿದರೆ, ನಾಳೆ ಯಾರೂ ಯಾವ ಊರಿನ ಮಕ್ಕಳನ್ನು ಬೇಕಾದರೂ ಅದೇ ಲೆಕ್ಕಕ್ಕೆ ಸೇರಿಸಬಹುದು.

ಆ ಬಾಂಬ್ ತಯಾರಿಸಿದವರು ನನ್ನಂತೆ ಗಣಿತ, ವಿಜ್ಞಾನ ಓದಿದವರು. ಅವರಲ್ಲಿ ಜೋಸೆಫ್ ರಾಟ್‌ಬ್ಲಾಟ್ ಎಂಬ ವಿಜ್ಞಾನಿ, ಜರ್ಮನಿ ಬಾಂಬ್ ಮಾಡುತ್ತಿಲ್ಲ ಎಂದು ತಿಳಿದಾಗ 1944ರ ಕೊನೆಯಲ್ಲಿ ಕೆಲಸ ಬಿಟ್ಟು ಹೊರನಡೆದರು. 1995ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇಂದು ಡ್ರೋನ್‌ಗಳು ಬಂದಿವೆ. ಗುರಿ ಹುಡುಕಲು ಸಾಫ್ಟ್‌ವೇರ್ ನೆರವಾಗುತ್ತಿದೆ. ಪರದೆಯ ಮೇಲಿನ ಚುಕ್ಕೆ ಸೈನಿಕನೋ, ಹೊಲಕ್ಕೆ ಹೊರಟ ರೈತನೋ ಎಂಬ ಪ್ರಶ್ನೆಯನ್ನು ಯಂತ್ರ ತಾನಾಗಿ ಕೇಳಿಕೊಳ್ಳುವುದಿಲ್ಲ. ಕೇಳಬೇಕಾದವರು ಅದನ್ನು ಬರೆಯುವವರು, ಗುಂಡಿ ಒತ್ತುವವರು, ಅವರಿಗೆ ಆದೇಶ ಕೊಡುವವರು.

ಮಕ್ಕಳೇ, ನಿಮ್ಮಲ್ಲಿ ಕೆಲವರು ಸೈನ್ಯ ಸೇರುತ್ತೀರಿ, ಕೆಲವರು ಇಂಜಿನಿಯರ್ ಆಗುತ್ತೀರಿ. ಎಲ್ಲಿದ್ದರೂ ಆ ಪ್ರಶ್ನೆ ಕೇಳುವುದನ್ನು ಬಿಡಬೇಡಿ. ಪ್ರಶ್ನೆ ಕೇಳಿದ್ದಕ್ಕೆ ಬೈಯದೆ ಉತ್ತರ ಹೇಳಿದ ಗುರುಗಳಿಗೆ ವಂದಿಸಿ ನನ್ನ ಮಾತು ಮುಗಿಸುತ್ತೇನೆ.