ಸಸಿಗಿಂತ ಮೊದಲು ಮಣ್ಣು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಮನೆ, ಶಾಲೆ, ಅಂಗನವಾಡಿಗಳ ಹಿತ್ತಲಿನಲ್ಲಿ ಪೌಷ್ಟಿಕ ಕೈತೋಟ ಬೆಳೆಸುವ ವಿಷಯ ಸಭೆಗೆ ಬಂದಾಗ ನಾವು ಮೊದಲು ಕೇಳುವುದು ಎಷ್ಟು ಸಸಿ ತರಿಸಬೇಕೆಂದು. ಅವು ಬೇರೂರಬೇಕಾದ ಮಣ್ಣು ಎಂತಹುದೆಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ನನ್ನ ಉಸ್ತುವಾರಿಯಲ್ಲಿ ಹೊಸ ಅಂಗನವಾಡಿ ಕಟ್ಟಡದ ಹಿಂದೆ ನೆಟ್ಟ ನುಗ್ಗೆ, ಕರಿಬೇವು, ಪಪ್ಪಾಯಿ ಸಸಿಗಳು ಎರಡೇ ತಿಂಗಳಲ್ಲಿ ಹಳದಿಗಟ್ಟಿ ಒಣಗಿದವು. ನೀರು ಸಾಲದೆಂದು ಭಾವಿಸಿ ಇನ್ನಷ್ಟು ಹಾಕಿಸಿದೆವು. ಕೊನೆಗೆ ಅಗೆದು ನೋಡಿದರೆ, ಅರ್ಧ ಅಡಿಯ ಕೆಳಗೆ ಇಟ್ಟಿಗೆ ಚೂರು, ಸಿಮೆಂಟ್ ಗಾರೆ ಮತ್ತು ತಳಪಾಯದಿಂದ ತೆಗೆದ ಗೊರಚು ಮಣ್ಣು.

ನಾನು ಸಿವಿಲ್ ಎಂಜಿನಿಯರಿಂಗ್ ಓದಿದವನು. ಕಟ್ಟಡಕ್ಕಾಗಿ ಮಣ್ಣನ್ನು ದಮ್ಮಸ್ಸು ಮಾಡಿ ಅದರೊಳಗಿನ ಗಾಳಿಯನ್ನು ಹೊರದೂಡುತ್ತೇವೆ. ಗಿಡಕ್ಕೆ ಬೇಕಾದುದು ಇದರ ವಿರುದ್ಧ. ಉತ್ತಮ ತೋಟದ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ನೀರು, ಗಾಳಿಗಳಿಗೆ ಎಡೆಯಾದ ರಂಧ್ರಗಳೇ ಇರುತ್ತವೆ. ಜೊತೆಗೆ, ಗಾರೆಯಲ್ಲಿನ ಸುಣ್ಣದಂಶವು ಮಣ್ಣನ್ನು ಕ್ಷಾರಗೊಳಿಸಿದಾಗ ಅದರಲ್ಲಿರುವ ಕಬ್ಬಿಣವೂ ಬೇರಿಗೆ ದಕ್ಕದೆ ಎಳೆಯ ಎಲೆಗಳು ಹಳದಿಯಾಗುತ್ತವೆ.

ಪರೀಕ್ಷೆ ಸುಲಭ. 1 ಅಡಿ ಆಳದ ಗುಂಡಿಗೆ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿರಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಬೇರು ಉಸಿರಾಡದು. ಹಿತ್ತಲಿನ 8–10 ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋವನ್ನು ಪರೀಕ್ಷೆಗೆ ಕಳುಹಿಸಲು ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬಹುದು.

ಅನಂತರ ಕಲ್ಲು, ಗಾರೆ, ಪ್ಲಾಸ್ಟಿಕ್ ಆರಿಸಿ ತೆಗೆದು, 1 ಅಡಿ ಆಳ ಅಗೆದು ಸಡಿಲಿಸಬೇಕು. ಚೆನ್ನಾಗಿ ಕಳಿತ ಗೊಬ್ಬರವನ್ನು 2 ಅಂಗುಲ ದಪ್ಪ ಹರಡಿ ಬೆರೆಸಬೇಕು. 10 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕೆ ಸುಮಾರು 17 ಘನ ಅಡಿ ಬೇಕಾಗುತ್ತದೆ. ಹಸಿ ಸಗಣಿಯಾಗಲಿ ಹಸಿ ಕೋಳಿಗೊಬ್ಬರವಾಗಲಿ ಎಳೆಯ ಬೇರನ್ನು ಸುಡುತ್ತದೆ. ಕೆಂಪು ಮರಳು ಮಣ್ಣಿಗೆ ಕೆರೆಗೋಡು ಹಿತ. ಜಿಗುಟಾದ ಕಪ್ಪು ಮಣ್ಣಿಗೆ ಅದು ಬೇಡ. ನೆಟ್ಟ ಮೇಲೆ ಒಣ ಎಲೆಗಳ ಹೊದಿಕೆ ಹಾಸಿದರೆ ತೇವ ಉಳಿಯುತ್ತದೆ.

ಸದಸ್ಯರಲ್ಲಿ ನನ್ನ ವಿನಂತಿ ಮೂರು. ಮೊದಲನೆಯದಾಗಿ, ಕಟ್ಟಡದ ತಳಪಾಯ ತೋಡುವಾಗ ಮೇಲ್ಮಣ್ಣನ್ನು ಪ್ರತ್ಯೇಕವಾಗಿ ರಾಶಿ ಹಾಕಿಸಿ, ಕೆಲಸ ಮುಗಿದ ಮೇಲೆ ಹಿತ್ತಲಿಗೆ ಹರಡಿಸಿರಿ. ಎರಡನೆಯದಾಗಿ, ಹಸಿ ಕಸದಿಂದ ತಯಾರಾದ ಗೊಬ್ಬರದಲ್ಲಿ ಮೊದಲ ಪಾಲನ್ನು ಊರಿನ ಕೈತೋಟಗಳಿಗೆ ಕೊಡಿಸಿರಿ. ಮೂರನೆಯದಾಗಿ, ಮಣ್ಣು ಸಿದ್ಧವಾಗಿರುವುದನ್ನು ಕಣ್ಣಾರೆ ಕಂಡ ಹೊರತು ಸಸಿ ಖರೀದಿಗೆ ಒಪ್ಪಿಗೆ ನೀಡಬೇಡಿರಿ.

ಆ ಅಂಗನವಾಡಿಯಲ್ಲಿ ಮಣ್ಣನ್ನು ಸರಿಪಡಿಸಿ ಮತ್ತೆ ನೆಟ್ಟಿದ್ದೇವೆ. ಪಪ್ಪಾಯಿಯ ವಿಷಯವನ್ನು ಈಗಲೇ ಹೇಳಲಾಗದು. ನುಗ್ಗೆಯಂತೂ ಚಿಗುರಿದೆ, ಅದರ ಸೊಪ್ಪು ಮಕ್ಕಳ ಸಾರಿಗೆ ಬೀಳತೊಡಗಿದೆ.